ಪ್ರೊಸೆಸರ್ ಬಿಸಿ ಆಗುವುದೇಕೆ?

ನಮ್ಮ ಶಾಲೆಯ ಕಂಪ್ಯೂಟರಿನ ವೇಗ ಹೆಚ್ಚಿಸೋಕೆ ಆಗಲ್ವಾ ಅಂತ ನಿಮ್ಮಲ್ಲಿ ಕೆಲವರು ಕೇಳ್ತೀರಿ. ಹಾಗೆ ಹೆಚ್ಚಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಅದಕ್ಕೆ ಮೊದಲು ಬಿಸಿಯ ವಿಷಯ ತಿಳಿಯಬೇಕು.

ಓವರ್‌ಕ್ಲಾಕಿಂಗ್ ಎಂದರೇನು?
ಪ್ರೊಸೆಸರ್ ಕಂಪ್ಯೂಟರಿನ ಮಿದುಳು. ಅದು ಒಂದು ತಾಳಕ್ಕೆ ಸರಿಯಾಗಿ ಕೆಲಸ ಮಾಡುತ್ತದೆ. ಕಂಪನಿ ಗೊತ್ತುಮಾಡಿದ ತಾಳಕ್ಕಿಂತ ಜೋರಾಗಿ ಓಡಿಸುವುದೇ ಓವರ್‌ಕ್ಲಾಕಿಂಗ್. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಇದಕ್ಕೆ ಹೆಸರುವಾಸಿ. 300 ಮೆಗಾಹರ್ಟ್ಸ್‌ನ ಅದನ್ನು ಅನೇಕರು 450ರಲ್ಲಿ ಓಡಿಸಿದರು. ಆದರೆ ಎಲ್ಲ ಪ್ರೊಸೆಸರ್‌ಗಳಲ್ಲೂ ಹೀಗೆ ಮಾಡಲು ಆಗುವುದಿಲ್ಲ.

ಬಿಸಿಯ ಲೆಕ್ಕ
ವೇಗ ಏರಿಸಿದಾಗ ಪ್ರೊಸೆಸರ್ ತಪ್ಪು ಮಾಡದಿರಲಿ ಅಂತ ವೋಲ್ಟೇಜನ್ನೂ ಏರಿಸುತ್ತಾರೆ. ಬಿಸಿಯು ವೇಗಕ್ಕೆ ತಕ್ಕಂತೆಯೂ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಹೆಚ್ಚುತ್ತದೆ. ಎರಡನ್ನೂ ನೂರಕ್ಕೆ 10ರಷ್ಟು ಏರಿಸೋಣ. 1.1 × 1.1 × 1.1 = 1.331. ಅಂದರೆ ವೇಗ ಹೆಚ್ಚಿದ್ದು ನೂರಕ್ಕೆ 10, ಬಿಸಿ ಹೆಚ್ಚಿದ್ದು ನೂರಕ್ಕೆ 33!

ಬಿಸಿ ಹೊರಗೆ ಹೋಗುವ ದಾರಿ
ಪ್ರೊಸೆಸರ್ ಮೇಲೆ ಲೋಹದ ಹೀಟ್ ಸಿಂಕ್ ಇರುತ್ತದೆ. ಅದರ ಮೇಲೆ ಫ್ಯಾನ್. ಎರಡು ಲೋಹಗಳ ನಡುವೆ ಥರ್ಮಲ್ ಪೇಸ್ಟ್ ಹಚ್ಚುತ್ತಾರೆ. ಹೆಂಚಿನ ಮೇಲೆ ರೊಟ್ಟಿ ಮೇಲೆದ್ದ ಕಡೆ ಸರಿಯಾಗಿ ಬೇಯಲ್ಲ ಅಲ್ವಾ? ನಡುವೆ ಗಾಳಿ ಇರುವುದೇ ಕಾರಣ. ಗಾಳಿ ಬಿಸಿಯನ್ನು ಬೇಗ ದಾಟಿಸುವುದಿಲ್ಲ. ಪೇಸ್ಟ್ ಆ ಸಂದುಗಳನ್ನು ತುಂಬುತ್ತದೆ.

ದೋಷ ಕಂಡುಹಿಡಿಯುವುದು ಹೇಗೆ?
ಉಷ್ಣತೆ ತೋರಿಸುವ ಪ್ರೋಗ್ರಾಂಗಳಿವೆ. ಅದನ್ನು ನೋಡುತ್ತಾ ಕಂಪ್ಯೂಟರಿಗೆ ದೊಡ್ಡ ಕೆಲಸ ಕೊಡಬೇಕು.
1. ಕೆಲವೇ ಸೆಕೆಂಡಿನಲ್ಲಿ ಸರ್ರನೆ ಏರಿದರೆ: ಹೀಟ್ ಸಿಂಕ್ ಸರಿಯಾಗಿ ಕೂತಿರಲ್ಲ, ಅಥವಾ ಪೇಸ್ಟ್ ಒಣಗಿರುತ್ತದೆ. ಹಳೆಯದನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ, ಸ್ಕ್ರೂಗಳನ್ನು ಸಮನಾಗಿ ಬಿಗಿಯಬೇಕು.
2. ನಿಮಿಷಗಟ್ಟಲೆ ನಿಧಾನವಾಗಿ ಏರುತ್ತಾ ಹೋದರೆ: ಗಾಳಿ ಸಾಲದು. ಧೂಳು ತೆಗೆಯಬೇಕು. ಫ್ಯಾನ್ ತಿರುಗ್ತಿದೆಯಾ ನೋಡಬೇಕು. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬಾರದು.
3. ಮೂಲ ವೇಗದಲ್ಲಿ ತಣ್ಣಗಿದ್ದು, ಏರಿಸಿದಾಗ ಮಾತ್ರ ಬಿಸಿಯಾದರೆ: ವೋಲ್ಟೇಜ್ ಇಳಿಸಬೇಕು. ಆಗ ಕಂಪ್ಯೂಟರ್ ನಿಂತು ನಿಂತು ಹೋದರೆ ವೇಗವನ್ನೂ ಇಳಿಸಬೇಕು.

ಎಚ್ಚರಿಕೆ: ಧೂಳು ತೆಗೆಯುವ ಮೊದಲು ಪ್ಲಗ್ ಕೀಳಬೇಕು. ದೊಡ್ಡವರು ಜೊತೆಗಿರಬೇಕು.

ಬಿಸಿಯಾದರೆ ಏನಾಗುತ್ತದೆ?
ಈಗಿನ ಹಲವು ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. ಅಲ್ಲಿಗೆ ನಾವು ಏರಿಸಿದ ವೇಗವೂ ಹೋಯಿತು! ಇನ್ನೂ ಬಿಸಿಯಾದರೆ ಕಂಪ್ಯೂಟರ್ ಆಫ್ ಆಗ್ತದೆ. ಸೇವ್ ಮಾಡದ ಬರಹವೆಲ್ಲ ಹೋಗ್ತದೆ. ನಮ್ಮಲ್ಲಿ ಇರೋದು ಎಲ್ಲರಿಗೂ ಸೇರಿ ಒಂದೇ ಕಂಪ್ಯೂಟರ್. ಆದ್ದರಿಂದ ವೇಗ ಏರಿಸುವ ಮಾತು ಬಿಟ್ಟು ಮೊದಲು ಧೂಳು ತೆಗೆಯೋಣ. ಬಿಸಿಯಿಂದಲೇ ನಿಧಾನವಾಗಿದ್ದರೆ ಹೋದ ವೇಗ ಖರ್ಚಿಲ್ಲದೆ ವಾಪಸ್ ಬರುತ್ತದೆ.

ನಿಮಗೊಂದು ಪ್ರಶ್ನೆ: ವೇಗ, ವೋಲ್ಟೇಜ್ ಎರಡನ್ನೂ ನೂರಕ್ಕೆ 20ರಷ್ಟು ಏರಿಸಿದರೆ ಬಿಸಿ ಎಷ್ಟು ಪಟ್ಟು ಆಗುತ್ತದೆ? ಲೆಕ್ಕ ಮಾಡಿ ಈ ಹಾಳೆಯ ಪಕ್ಕ ಅಂಟಿಸಿ.

– 7ನೇ ತರಗತಿ