ಮರಳಾಟದಲ್ಲಿ ಮಗುವಿನ ಮನಸ್ಸು



ಕಡಬದ ಕೆರೆಯಂಗಳವಿರಲಿ, ಮನೆ ಕಟ್ಟಲು ಸುರಿದ ಮರಳಗುಡ್ಡೆಯಿರಲಿ, ಒದ್ದೆ ಮರಳಲ್ಲಿ ಕಾಲಿಟ್ಟು, ಮೇಲೆ ತಟ್ಟಿ, ಮೆಲ್ಲಗೆ ಕಾಲೆಳೆದು ಗುಬ್ಬಿಗೂಡು ಕಟ್ಟದ ಮಗು ನಮ್ಮ ಕಡೆ ಅಪರೂಪ. "ಮೈಯೆಲ್ಲಾ ಮಣ್ಣು ಮಾಡ್ಕೊಂಡೆ, ಏಳು ಮೇಲೆ" ಅಂತ ಗದರುವವರೂ ನಾವೇ. ಇದೇ ಆಟವನ್ನು ಮಕ್ಕಳ ಮನಸ್ಸಿನ ನೋವಿಗೆ ಚಿಕಿತ್ಸೆಯಾಗಿಯೂ ಬಳಸುತ್ತಾರೆ.

ಅಪ್ಪ ಕುಡಿದು ಬಂದು ಹೊಡೆಯುವುದು, ಮನೆಯಲ್ಲೊಂದು ಸಾವು, ಸಾಲದ ಕಂತಿಗೆ ಬಂದವರು ಬಾಗಿಲಲ್ಲಿ ನಿಂತು ಕೂಗಾಡುವುದು ಇವನ್ನೆಲ್ಲಾ ಕಂಡ ಮಗು "ನಂಗೆ ಭಯ ಆಗ್ತಿದೆ" ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಹಾಸಿಗೆ ಒದ್ದೆ ಮಾಡುತ್ತದೆ, ಶಾಲೆಗೆ ಹೊರಡೋ ಹೊತ್ತಿಗೆ ಹೊಟ್ಟೆನೋವು ಅನ್ನುತ್ತದೆ, ಮೂಲೆ ಸೇರುತ್ತದೆ. ನಾವು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುತ್ತೇವೆ, ಇಲ್ಲವೇ ಮೈಗಳ್ಳ ಅಂತ ಬೈಯುತ್ತೇವೆ.

ಲಂಡನ್ನಿನ ಮಕ್ಕಳ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ 1929ರ ಸುಮಾರಿಗೆ ತಮ್ಮ ಚಿಕಿತ್ಸಾಲಯದಲ್ಲಿ ಮರಳಿನ ತಟ್ಟೆಯನ್ನೂ ಪುಟ್ಟ ಪುಟ್ಟ ಗೊಂಬೆಗಳನ್ನೂ ಇಟ್ಟಿದ್ದರು. ಎರಡನ್ನೂ ಸೇರಿಸಿ ಆಡಿದವರು ಮಕ್ಕಳೇ, ಅದನ್ನು 'ಲೋಕ' ಅಂತ ಕರೆದವರೂ ಅವರೇ. ಅವರಿಂದ ಕಲಿತ ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್ 1950ರ ದಶಕದಿಂದ ಇದನ್ನು ಮರಳಾಟದ ಚಿಕಿತ್ಸೆಯಾಗಿ ಬೆಳೆಸಿದರು.

ಸುಮಾರು 72 ಸೆಂ.ಮೀ. ಉದ್ದ, 57 ಸೆಂ.ಮೀ. ಅಗಲದ ಒಂದು ಮರದ ತಟ್ಟೆ. ತಳಕ್ಕೆ ನೀಲಿ ಬಣ್ಣ, ಮರಳು ಸರಿಸಿದರೆ ಕೆರೆಯೋ ಹೊಳೆಯೋ ಕಾಣುವ ಹಾಗೆ. ಪಕ್ಕದಲ್ಲಿ ಮನುಷ್ಯರು, ದನ, ಹುಲಿ, ಮನೆ, ಬೇಲಿ, ಸೇತುವೆ ಹೀಗೆ ನೂರಾರು ಪುಟ್ಟ ಗೊಂಬೆಗಳು. ಮಗು ತನಗೆ ತೋಚಿದ್ದನ್ನು ಮಾಡುತ್ತದೆ. ತರಬೇತಿ ಪಡೆದವರು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾರೆ. "ಇದ್ಯಾಕೆ ಹೀಗೆ?" ಅನ್ನುವುದಿಲ್ಲ, ತಿದ್ದುವುದಿಲ್ಲ, ಭಲೇ ಅನ್ನುವುದೂ ಇಲ್ಲ. ಮಗು ಹೋದ ಮೇಲೇ ಅದನ್ನು ಬಿಚ್ಚುತ್ತಾರೆ. ಒಂದು ದಿನದ ಆಟ ನೋಡಿ ತೀರ್ಪು ಕೊಡುವುದಿಲ್ಲ, ವಾರಗಟ್ಟಲೆ ಏನು ಬದಲಾಯಿತು ಅಂತ ನೋಡುತ್ತಾರೆ.

ನಮಗೆ ಕಷ್ಟವಾಗುವುದೇ ಈ ಸುಮ್ಮನೆ ಕೂರುವ ಕೆಲಸ! "ಮನೆಗೆ ಬಾಗಿಲೇ ಇಟ್ಟಿಲ್ವಲ್ಲೋ" ಅಂತ ಬಾಯಿ ತಾನಾಗಿ ಬಂದುಬಿಡುತ್ತದೆ. ಹಳೇ ಬೇಸಿನ್‌ಗೆ ಜರಡಿ ಹಿಡಿದು, ತೊಳೆದು, ಬಿಸಿಲಿಗೆ ಒಣಗಿಸಿದ ಮರಳು ತುಂಬಿ. ಬೆಕ್ಕು ಹೊಲಸು ಮಾಡದಂತೆ ಮುಚ್ಚಿಡಿ. ಹುಣಸೆಬೀಜ, ತೆಂಗಿನ ಚಿಪ್ಪು, ಕಡ್ಡಿ ಇದ್ದರೆ ಸಾಕು. ಬಾಯಿಗೆ ಹಾಕಿಕೊಳ್ಳುವ ಕೂಸಿಗೆ ಬೀಜ ಬೇಡ. ದಿನಕ್ಕೆ ಅರ್ಧ ಗಂಟೆ ಪಕ್ಕದಲ್ಲಿ ಕೂತಿರಿ. ಮಗು ಗೊಂಬೆಯೊಂದನ್ನು ಹೂತಿತು ಅಂತ ಗಾಬರಿ ಬೇಡ. ಅರ್ಥ ಹುಡುಕಲೂ ಹೋಗಬೇಡಿ. ತಾನಾಗಿ ಹೇಳಿದರೆ ಕೇಳಿ.

ಇದು ಆಟ, ಚಿಕಿತ್ಸೆಯಲ್ಲ. ಮಗು ವಾರಗಟ್ಟಲೆ ಮಾತು ಬಿಟ್ಟರೆ, ನಿದ್ದೆ ಊಟ ಬಿಟ್ಟರೆ, ತನ್ನನ್ನೇ ನೋಯಿಸಿಕೊಂಡರೆ ತಡಮಾಡದೆ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಯಾರೋ ಹೊಡೆದರು, ಮುಟ್ಟಬಾರದ ಕಡೆ ಮುಟ್ಟಿದರು ಅಂತ ಮಗು ಹೇಳಿದರೆ, ಮನೆತನದ ಮಾನ ಅಂತ ಮುಚ್ಚಿಡದೆ 1098ಕ್ಕೆ ತಿಳಿಸಿ.

ಮುಂದಿನ ಸಭೆಯಲ್ಲಿ ಸಾಲ, ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಇದನ್ನು ಚರ್ಚಿಸಿ: ಮನೆಯಲ್ಲಿ ಜಗಳ ನಡೆಯುವಾಗ ನಮ್ಮ ಮಕ್ಕಳು ಎಲ್ಲಿ ಹೋಗಿ ಕೂರುತ್ತಾರೆ?