61 ದಿನ ಕೈಖಾಲಿ: ಫಿಲಿಪ್ಪಿ 4:11–16ರ ಪಾಠ

ಫಿಲಿಪ್ಪಿ 4ನೇ ಅಧ್ಯಾಯ ತೆಗೀರಿ. 11ನೇ ವಚನ ನಮಗೆಲ್ಲ ಬಾಯಿಪಾಠ. ಎಂಥ ಸ್ಥಿತಿ ಬಂದರೂ ತೃಪ್ತಿಯಿಂದ ಇರೋದು ತನಗೆ ರೂಢಿಯಾಗಿದೆ ಅಂತ ಪೌಲನು ಅಲ್ಲಿ ಬರೀತಾನೆ. ವಾಟ್ಸಾಪ್ ಸ್ಟೇಟಸ್‌ಗೂ ಹಾಕ್ತೇವೆ. ಆದರೆ 14ರಿಂದ 16ರ ತನಕ ಎಷ್ಟು ಜನ ಓದಿದ್ದೀರಿ?

ಮೊದಲು ನಮ್ಮ ಕರಾವಳಿ ನೋಡೋಣ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ. ಮೀನು ಮೊಟ್ಟೆ ಇಡೋ ಕಾಲ, ನಿಷೇಧ ಬೇಕೇ ಬೇಕು. ನಾಡದೋಣಿಗೆ ಬಿಡುವಿದೆ, ಆದರೆ ಮಳೆಗಾಲದ ಕಡಲು ಬಿಡಬೇಕಲ್ಲ! ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಬೋಟಿನ ಪಾಲು ನಂಬಿದ ಮನೆಗೆ ಆಗ ದುಡಿಮೆ ಇಲ್ಲ. ಶಾಲೆ ಶುರುವಾಗೋದೂ ಆಗಲೇ. ಪುಸ್ತಕ, ಯೂನಿಫಾರ್ಮ್, ಕೊಡೆ. ಸಾಲದ ಕಂತಂತೂ ನಿಲ್ಲಲ್ಲ. ಅಂಥ ಮನೆಯವನು ಆರಾಧನೆಯಲ್ಲಿ ಮುಖ ಬಾಡಿಸಿಕೊಂಡು ಕೂತರೆ, "ಬ್ರದರ್‌ಗೆ ವಿಶ್ವಾಸ ಕಮ್ಮಿ" ಅಂತೀವಾ?

2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ, ಆಮೇಲೆ ಕಟಾವಾದ ನಂತರ, ಬುದ್ಧಿಗೆ ಕೆಲಸ ಕೊಡೋ ಪರೀಕ್ಷೆ ಮಾಡಿದರು. ಅದೇ ರೈತರು. ಕೈ ಖಾಲಿ ಇದ್ದಾಗ ಫಲಿತಾಂಶ ಕೆಳಗೆ, ದುಡ್ಡು ಬಂದ ಮೇಲೆ ಮೇಲಕ್ಕೆ. ಸಾಲದ ಲೆಕ್ಕ ತಲೆ ತುಂಬಿದಾಗ ಬೇರೆಯದಕ್ಕೆ ಜಾಗ ಎಲ್ಲಿ?

ಹಾಗಂತ ದುಡ್ಡು ಏರಿದಷ್ಟೂ ಸಂತೋಷ ಏರುತ್ತಾ? ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರಲ್ಲೇ ಹೇಳಿದ್ದು: ದೇಶದೊಳಗೆ ಉಳ್ಳವರು ಇಲ್ಲದವರಿಗಿಂತ ಸುಖವಾಗಿರ್ತಾರೆ, ಆದರೆ ಇಡೀ ದೇಶದ ಆದಾಯ ಏರಿದಾಗ ಸಂತೋಷ ಅದೇ ಪ್ರಕಾರ ಏರಲ್ಲ. ನಾವು ಪಕ್ಕದವರನ್ನು ನೋಡಿ ಅಳೀತೇವೆ. (ಪಂಡಿತರು ಇದರ ಮೇಲೆ ಇನ್ನೂ ವಾದ ಮಾಡ್ತಾರೆ, ಮಾಡಲಿ.) ಭಟ್ಕಳದಲ್ಲಿ ಇದು ಕಣ್ಣಿಗೇ ಕಾಣತ್ತೆ. ಗಲ್ಫ್ ದುಡ್ಡಲ್ಲಿ ಎದ್ದ ಮನೆ ಎದುರಿಗಿದ್ದರೆ, ಸೋರದೇ ಇರೋ ನಮ್ಮ ಮನೆಯೂ ಸಣ್ಣದು ಅನಿಸತ್ತೆ. ಆ ಮನೆಯ ಮಗು ಅಪ್ಪನ ಮುಖವನ್ನು ಮೊಬೈಲಲ್ಲೇ ನೋಡೋದು ರಸ್ತೆಗೆ ಕಾಣಲ್ಲ.

ಕೊರತೆ ಬೇರೆ, ಹೋಲಿಕೆ ಬೇರೆ. ಹೋಲಿಕೆಯಿಂದ ಮನಸ್ಸು ಕೆಟ್ಟವನಿಗೆ 11ನೇ ವಚನ ಕೊಡಿ. ಕೊರತೆಯಲ್ಲಿ ಇರೋನಿಗೆ ಅದನ್ನೇ ಕೊಟ್ಟು ಕಳಿಸಬೇಡಿ. ತೃಪ್ತಿ ಕಲಿತ ಪೌಲನೇ ತನಗೆ ಕಷ್ಟ ಇತ್ತು ಅಂತ ಮುಚ್ಚಿಡಲಿಲ್ಲ. ಅದರಲ್ಲಿ ಪಾಲು ತಗೊಂಡದ್ದಕ್ಕೆ ಫಿಲಿಪ್ಪಿಯವರನ್ನು ಮೆಚ್ಚಿದ. ಥೆಸಲೋನಿಕದಲ್ಲಿದ್ದಾಗಲೂ ಅವರು ಒಂದಲ್ಲ, ಹಲವು ಸಲ ಸಹಾಯ ಕಳಿಸಿದ್ರು.

ಮನೆಕೂಟದ ಲೀಡರ್‌ಗಳೇ, ಬೋಟಿಗೆ ಹೋಗೋ ಕುಟುಂಬಗಳು ಯಾವುವು ಅಂತ ಏಪ್ರಿಲ್‌ನಲ್ಲೇ ತಿಳ್ಕೊಳ್ಳಿ. ಸಂಬಳ ಬರೋರು ಎರಡು ತಿಂಗಳು ಸ್ವಲ್ಪ ತೆಗೆದಿಡಿ. ಅಕ್ಕಿ, ಸ್ಕೂಲ್ ಫೀಸು ಜೂನ್ ಮೊದಲ ವಾರವೇ ತಲುಪಲಿ. ಕವರ್ ಮೇಲೆ ಹೆಸರು ಬೇಡ, ಫೋಟೋ ಅಂತೂ ಬೇಡವೇ ಬೇಡ.