ನೆಗೆತದ ತುದಿಯಲ್ಲೊಂದು ಛಾಯಾಚಿತ್ರ

ರಾತ್ರಿಯ ಯಕ್ಷಗಾನದಲ್ಲಿ ವೇಷಧಾರಿಯು ದಿಗಿಣ ಹಾರುವಾಗ ಪ್ರೇಕ್ಷಕರ ನಡುವಿನಿಂದ ಚಿತ್ರ ತೆಗೆದರೆ ನಮಗೆ ಅನೇಕ ವೇಳೆ ದೊರೆಯುವುದು ಮಸುಕಾದ ಬಣ್ಣದ ಗೆರೆಗಳು ಮಾತ್ರ. ಇದರ ಕಾರಣವನ್ನು ವಿಚಾರಿಸೋಣ.

ರಂಗಸ್ಥಳದ ಬೆಳಕು ಕಡಮೆಯಾದುದರಿಂದ ಕ್ಯಾಮೆರಾದ ಷಟರನ್ನು 1/50 ಸೆಕೆಂಡು ತೆರೆದಿರಿಸುವೆವೆಂದು ಭಾವಿಸೋಣ. 45 ಸೆಂಟಿಮೀಟರು ಎತ್ತರಕ್ಕೆ ನೆಗೆಯುವವನು ನೆಲ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 3 ಮೀಟರು. ಷಟರು ತೆರೆದಿರುವಷ್ಟರಲ್ಲಿ ಅವನು ಸುಮಾರು 6 ಸೆಂಟಿಮೀಟರು ಮೇಲೇರಿರುತ್ತಾನೆ. ಮಸುಕಿಗೆ ಇದೇ ಕಾರಣ. ಕಾಲವನ್ನು 1/500 ಸೆಕೆಂಡಿಗೆ ಇಳಿಸಿದರೆ ಮಸುಕು ಹತ್ತರಲ್ಲೊಂದಾಗುವುದು ನಿಜ. ಆದರೆ ಒಳಬರುವ ಬೆಳಕೂ ಹತ್ತರಲ್ಲೊಂದೇ.

ಫ್ಲ್ಯಾಷ್ ದೀಪವನ್ನು ಬಳಸಬಹುದೆ? ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. 3 ಮೀಟರಿನಲ್ಲಿ ಬೀಳುವ ಬೆಳಕಿನ 25ರಲ್ಲಿ 1 ಪಾಲು ಮಾತ್ರ 15 ಮೀಟರಿನಲ್ಲಿ ಬೀಳುತ್ತದೆ. ಮೇಲಾಗಿ, ಗಾಳಿಯಲ್ಲಿರುವವನ ಕಣ್ಣು ಕುಕ್ಕಿದರೆ ಅವನ ಕಾಲು ಉಳುಕೀತು.

ಉಪಾಯವನ್ನು ಗುರುತ್ವವೇ ಒದಗಿಸಿದೆ. ನೆಗೆತದ ತುತ್ತತುದಿಯಲ್ಲಿ ಮೇಲ್ಮುಖ ವೇಗ ಸೊನ್ನೆ. ಆ ಕ್ಷಣವನ್ನು ನಡುವಿರಿಸಿಕೊಂಡು ಷಟರನ್ನು ಅದೇ 1/50 ಸೆಕೆಂಡು ತೆರೆದರೆ ದೇಹದ ಏರಿಳಿತ ಕೇವಲ ಅರ್ಧ ಮಿಲಿಮೀಟರು! ಆದರೆ ದಿಗಿಣದ ಸುತ್ತುವಿಕೆ ನಿಲ್ಲದು. ಆದುದರಿಂದ ಮುಂಡವು ಸ್ಪಷ್ಟವಾಗಿಯೂ ಚಾಚಿದ ಕೈಗಳು ಮಸುಕಾಗಿಯೂ ಮೂಡಬಹುದು.

ತುದಿಯನ್ನು ಕಂಡ ಮೇಲೆ ಗುಂಡಿಯೊತ್ತಿದರೆ ಸಾಲದು. ಕಣ್ಣು ಕಂಡುದಕ್ಕೆ ಬೆರಳು ಓಗೊಡಲು ಸುಮಾರು 1/5 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ನಟನು 20 ಸೆಂಟಿಮೀಟರು ಕೆಳಗಿಳಿದಿರುತ್ತಾನೆ. ಆದುದರಿಂದ ಮೊದಲ ಕೆಲವು ದಿಗಿಣಗಳನ್ನು ಸುಮ್ಮನೆ ನೋಡಿ, ಚೆಂಡೆಯ ಪೆಟ್ಟಿನಿಂದ ಲಯವನ್ನು ಅರಿತು, ತುದಿಗೆ ತುಸು ಮುಂಚೆಯೇ ಒತ್ತಬೇಕು. ಮುಂದಿನ ಆಟದಲ್ಲಿ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಿ ನೋಡಬಹುದು.